ಉಬ್ಬಿದ ಟೈರು, ನಲವತ್ತು ಡಾಲರಿನ ಜಾಣತನ

ಅಮೆರಿಕಾದ ಡೆಟ್ರಾಯ್ಟ್ ಸುತ್ತಮುತ್ತ ಹೊಸದಾಗಿ ಬಂದವರಿಗೆ ಹಿಮದ ಬಗ್ಗೆ ಎಲ್ಲರೂ ಹೇಳ್ತಾರೆ, ಮಾರ್ಚ್ ತಿಂಗಳ ಗುಂಡಿಗಳ ಬಗ್ಗೆ ಯಾರೂ ಬಾಯಿ ಬಿಡಲ್ಲ. ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತೆ, ಹಗಲು ಕರಗುತ್ತೆ. ಹೀಗೇ ಆಗ್ತಾ ಆಗ್ತಾ ರಸ್ತೆ ಕಿತ್ತು ಬರುತ್ತೆ. ಬೆಂಗಳೂರಿನ ಗುಂಡಿಗೆ ನಾವು ಮೆಲ್ಲಗೆ ಇಳಿದು ಮೆಲ್ಲಗೆ ಹತ್ತಿದವರು. ಇಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಬೀಳ್ತೀರಿ.

ನಾನು ಬಿದ್ದಿದ್ದು ಐ-75 ಹೆದ್ದಾರಿಯಲ್ಲಿ. ಧಡ್ ಅಂತ ಒಂದು ಸದ್ದು, ಅಷ್ಟೇ. ಮರುದಿನ ನೋಡಿದರೆ ಟೈರಿನ ಪಕ್ಕೆಯಲ್ಲಿ ಕೋಳಿಮೊಟ್ಟೆಯಷ್ಟು ಉಬ್ಬು. ಗಾಳಿ ಸರಿಯಾಗಿದೆ, ಡ್ಯಾಶ್‌ಬೋರ್ಡಿನಲ್ಲಿ ದೀಪವೂ ಹತ್ತಿಲ್ಲ. ‘ಇದಕ್ಕಿಂತ ಬೋಳು ಟೈರಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದಿಲ್ವಾ’ ಅಂದುಕೊಂಡು ಮೂರು ವಾರ ಓಡಿಸಿದೆ, ಹಿಂದಿನ ಸೀಟಲ್ಲಿ ಮಗಳನ್ನು ಕೂರಿಸಿಕೊಂಡು. ಈಗ ನೆನೆದರೂ ಹೊಟ್ಟೆ ತೊಳೆಸುತ್ತೆ. ಉಬ್ಬು ಅಂದರೆ ಒಳಗಿನ ನೂಲು ಹರಿದಿದೆ, ಬರೀ ರಬ್ಬರು ಗಾಳಿ ತಡೆದುಕೊಂಡಿದೆ ಅಂತ. ಆ ದೀಪ ಗಾಳಿ ಇಳಿದರೆ ಮಾತ್ರ ಹತ್ತುತ್ತೆ. ರಸ್ತೆಗೆ ತಾಗೋ ಭಾಗದಲ್ಲಿ ಮೊಳೆ ಚುಚ್ಚಿ, ತೂತು ಕಾಲಿಂಚಿನೊಳಗಿದ್ದರೆ ಟೈರು ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕ್ತಾರೆ. ಪಕ್ಕೆಗೆ ಏಟಾದರೆ ಮುಟ್ಟಲ್ಲ, ಗೋಗರೆದರೂ ಮುಟ್ಟಲ್ಲ. ಗೋಗರೆದು ನೋಡಿದ್ದೀನಿ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಜಾಣತನ. ನಲವತ್ತು ಡಾಲರಿಗೆ ಒಂದು ಸೆಕೆಂಡ್ ಹ್ಯಾಂಡ್ ಟೈರು! ಗ್ರಿಪ್ ಚೆನ್ನಾಗಿತ್ತು, ವಯಸ್ಸು ಕೇಳಲಿಲ್ಲ. ಟೈರಿನ ಮೇಲೆ ಡಿಒಟಿ (DOT) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿಯೇ ಅದರ ಜಾತಕ: 3514 ಅಂದರೆ 2014ರ 35ನೇ ವಾರ ಹುಟ್ಟಿದ್ದು. ಸಾಲದ್ದಕ್ಕೆ ನಮ್ಮದು ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ನು ನಾಲ್ಕೂ ಚಕ್ರ ತಿರುಗಿಸೋ ಕಾರು. ಮೂರು ಟೈರು ಸವೆದು ಒಂದು ದಪ್ಪ ಇದ್ದರೆ ಸುತ್ತಳತೆ ಬೇರೆಯಾಗಿ ಒಳಗಿನ ಗೇರುಗಳು ಹೊತ್ತೂ ಗೊತ್ತೂ ಇಲ್ಲದೆ ಜಗ್ಗಾಡ್ತವೆ. ಮೆಕ್ಯಾನಿಕ್ ನೋಡಿ ನಕ್ಕ. ಕೊನೆಗೆ ನಾಲ್ಕೂ ಹೊಸದೇ ಹಾಕಿಸಿದೆ.

ಅಳತೆ, ಗಾಳಿ ಎರಡೂ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿವೆ. ಟೈರಿನ ಮೇಲಿರೋ ಗಾಳಿಯ ಅಂಕಿ ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆಯ ರಬ್ಬರು ಗಡಸಾಗುತ್ತೆ, ಆದ್ದರಿಂದ ಚಳಿಗಾಲಕ್ಕೆ ಟೈರಿನ ಮೇಲೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರೋ ಗುರುತು ನೋಡಿಯೇ ಕೊಳ್ಳಿ. ಗುಂಡಿಯ ಫೋಟೋ, ರಸೀದಿ ಸೇರಿಸಿ ಪರಿಹಾರ ಕೇಳಿ ರಸ್ತೆ ಇಲಾಖೆಗೆ ಅರ್ಜಿ ಹಾಕಿ, ಮರೆತುಬಿಡಿ.

ಇನ್ನೊಂದು ಮಾತು. ‘ಸ್ಟೆಪ್ನಿ’ ಅಂದರೆ ಇಲ್ಲಿ ಯಾರಿಗೂ ಅರ್ಥವಾಗಲ್ಲ, ‘ಡಿಕ್ಕಿ’ಯೂ ಅಷ್ಟೇ. ವೇಲ್ಸಿನ ಒಂದು ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಹೊತ್ತಿಗೆ ತಯಾರಾದ ಹೆಚ್ಚುವರಿ ಚಕ್ರದ ಹೆಸರಂತೆ ಅದು. ಅಲ್ಲಿಂದ ನಮ್ಮೂರಿಗೆ ಬಂದು ಕನ್ನಡವೇ ಆಗಿಹೋಯ್ತು, ಅಮೆರಿಕಾಗೆ ನನ್ನ ಜೊತೆ ಬಂದು ಮೂಕವಾಯ್ತು. ನೀರಿನ ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕ್ತಿದ್ದ ಪಂಚರ್ ಅಂಗಡಿಯ ಹುಡುಗನ ಕಥೆ ಹೇಳಿದರೆ ಮಗಳು, ‘ಟೈರಿಗೆ ಸ್ನಾನಾನಾ?’ ಅಂತಾಳೆ. ಅಲ್ಲಿ ಕಾರು ನಿಂತರೆ ಕಲ್ಲು ಕೊಡೋಕೊಬ್ಬ, ತಳ್ಳೋಕೆ ಮೂವರು, ಬುದ್ಧಿ ಹೇಳೋಕೆ ಹತ್ತು ಜನ. ಇಲ್ಲಿ ಇನ್ನೊಂದು ಸಲ ಕಾರು ನಿಂತಾಗ ಹೆದ್ದಾರಿ ಪಕ್ಕ ಒಂದು ಗಂಟೆ ಚಳಿಯಲ್ಲಿ ನಿಂತಿದ್ದೆ, ಬುದ್ಧಿ ಹೇಳೋಕೂ ಯಾರೂ ನಿಲ್ಲಲಿಲ್ಲ.

ಹೊಸ ಟೈರು ಹಾಕಿಸಿ ಬಂದ ದಿನ ಹೆಂಡತಿ ನಿಂಬೆಹಣ್ಣು ಇಡಲೇಬೇಕು ಅಂದಳು. ಫ್ರಿಜ್ಜಲ್ಲಿದ್ದದ್ದು ಎರಡೇ. ಮುಂದಿನ ಚಕ್ರಗಳಿಗೆ ಸಾಕು ಅಂತ ನಾನು ಬಗ್ಗಿದರೆ ಮಗಳು ಅಡ್ಡ ನಿಂತಳು.

‘ಆಲ್ ವೀಲ್ ಡ್ರೈವ್ ಅಪ್ಪಾ. ನಾಲ್ಕೂ ಒಂದೇ ಥರ ಇರ್ಬೇಕು ಅಂತ ನೀನೇ ಹೇಳಿದ್ದು.’

ಇನ್ನೆರಡು ನಿಂಬೆಹಣ್ಣಿಗೆ ಆ ಕೊರೆಯೋ ಚಳಿಯಲ್ಲಿ ಅಂಗಡಿಗೆ ನಡೆದುಕೊಂಡೇ ಹೋದೆ. ಪೂಜೆಗೆ ಮುಂಚೆ ಕಾರು ತೆಗೆಯೋ ಹಾಗಿರಲಿಲ್ಲ.