ಸ್ಪೀಕರ್ ಡಬ್ಬದ ಮೇಲಿನ ಅಕ್ಷರಗಳನ್ನು ಓದುವುದು ಹೇಗೆ?

ಹೋಮ್ ಥಿಯೇಟರ್ ಕೊಳ್ಳುವಾಗ ಮೊದಲು ಪಿಎಂಪಿಒ ಅಂಕಿಯನ್ನು ಮರೆತುಬಿಡಿ. ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್ ಅಂತ ಅದರ ಪೂರ್ತಿ ಹೆಸರು. ಅದನ್ನು ಅಳೆಯೋಕೆ ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ, ಹಾಗಾಗಿ ಪುಟಾಣಿ ಸ್ಪೀಕರ್ ಮೇಲೂ ಸಾವಿರಾರು ವ್ಯಾಟ್ ಅಂತ ಧೈರ್ಯವಾಗಿ ಅಚ್ಚು ಹಾಕಿಬಿಡುತ್ತಾರೆ. ನೀವು ಹುಡುಕಬೇಕಾದದ್ದು ಆರ್‌ಎಂಎಸ್. ಆಂಪ್ಲಿಫೈಯರ್ ಒಂದೇ ಸಮನೆ ಎಷ್ಟು ಪವರ್ ಕೊಡುತ್ತದೆ ಅನ್ನೋದು ಅದರಿಂದ ಗೊತ್ತಾಗುತ್ತದೆ. ಸಾಧಾರಣ ಹಾಲ್‌ಗೆ 50 ವ್ಯಾಟ್ ಆರ್‌ಎಂಎಸ್ ಇದ್ದರೂ ಸಾಕು, ಪಕ್ಕದ ಮನೆಯವರು ಬಂದು ಬಾಗಿಲು ಬಡೀತಾರೆ.

ಅದರ ಜೊತೆಗೇ ಟಿಎಚ್‌ಡಿ ನೋಡಿ, ಸದ್ದು ಎಷ್ಟು ಕೆಡುತ್ತದೆ ಅನ್ನೋ ಲೆಕ್ಕ ಅದು. 1% ಒಳಗಿದ್ದರೆ ಒಳ್ಳೆಯದು. 10% ಟಿಎಚ್‌ಡಿಯಲ್ಲಿ 100 ವ್ಯಾಟ್ ಅಂತ ಬರೆದಿದ್ದರೆ, ಆ 100 ವ್ಯಾಟ್ ಬರುವಷ್ಟರಲ್ಲಿ ಹಾಡು ಒಡೆದು ಕೇಳಿಸುತ್ತಿರುತ್ತದೆ. ಎಸ್‌ಎನ್‌ಆರ್, ಅಂದರೆ ಹಾಡಿನ ಸದ್ದಿಗೂ ಹಿಂದಿನ ಗದ್ದಲಕ್ಕೂ ಇರುವ ಅಂತರ, ಮಾತ್ರ ಉಲ್ಟಾ: ಜಾಸ್ತಿ ಇದ್ದಷ್ಟೂ ಹಿಂದಿನ ಬುಸ್ ಶಬ್ದ ಕಡಿಮೆ. 90 ಡಿಬಿ ದಾಟಿದ್ದರೆ ಚಿಂತೆ ಬೇಡ.

5.1 ಅಂದರೆ ಐದು ಸ್ಪೀಕರ್, ದಪ್ಪ ಸದ್ದಿಗೆ ಒಂದು ಸಬ್‌ವೂಫರ್, ಅಷ್ಟೇ. ಸೌಂಡ್‌ಬಾರ್ ಆದರೆ ಟಿವಿ ಹಿಂದೆ ಎಆರ್‌ಸಿ (ಟಿವಿಯ ಸದ್ದನ್ನು ಬಾರ್‌ಗೆ ಕಳಿಸುವ ದಾರಿ) ಅಂತ ಬರೆದ ಎಚ್‌ಡಿಎಂಐ ಪೋರ್ಟ್‌ಗೇ ಕೇಬಲ್ ಹಾಕಿ, ಸೆಟ್ಟಿಂಗ್‌ನಲ್ಲಿ ಸಿಇಸಿ (ಟಿವಿ, ಬಾರ್ ಒಂದಕ್ಕೊಂದು ಸೂಚನೆ ಕೊಟ್ಟುಕೊಳ್ಳುವ ಸೌಲಭ್ಯ) ಆನ್ ಮಾಡಿ. ಬೇರೆ ಎಚ್‌ಡಿಎಂಐಗೆ ಹಾಕಿದರೆ ಟಿವಿಯ ಸದ್ದು ಬಾರ್‌ಗೆ ಬರುವುದಿಲ್ಲ, ಸುಮ್ನೆ ಅಂಗಡಿಯವನಿಗೆ ಬೈಯಬೇಡಿ.