ಸೀಗಡಿ ಬಿಟ್ಟರೂ ಬಿಡದ ಅಲರ್ಜಿ: ನನ್ನ ಅನುಭವ

ಮಂಗಳೂರಿನಲ್ಲಿ ಅಲರ್ಜಿ ಚಿಕಿತ್ಸೆ ಆರಂಭಿಸಿದ ಹೊಸದರಲ್ಲಿ ಒಬ್ಬ ಮಹಿಳೆ ಬಂದು, "ಡಾಕ್ಟ್ರೇ, ಸೀಗಡಿ ಬಿಟ್ಟಿದ್ದೇನೆ, ಅದರ ಗಸಿಯ ರಸ ಮಾತ್ರ ಅನ್ನಕ್ಕೆ ಹಾಕಿಕೊಳ್ಳುತ್ತೇನೆ, ಆದರೂ ತುಟಿ ಊದುತ್ತದೆ, ಮೈಯೆಲ್ಲ ದದ್ದು ಏಳುತ್ತದೆ" ಎಂದರು. ಅಷ್ಟು ಕುದಿದ ಮೇಲೆ ಪ್ರೋಟೀನ್ ಎಲ್ಲಿ ಉಳಿದೀತು ಎಂದುಕೊಂಡು ನಾನು ಮೊದಲು ಅನುಮಾನಿಸಿದ್ದು ಮಸಾಲೆಯನ್ನು.

ಚರ್ಮಕ್ಕೆ ಹನಿ ಹಾಕಿ ತುಸು ಚುಚ್ಚಿ ನೋಡುವ ಚರ್ಮಪರೀಕ್ಷೆಯಲ್ಲಿ ಮಸಾಲೆಗೆ ಏನೂ ಕಾಣದಿದ್ದಾಗ, ಅಲರ್ಜಿ ಮಾತ್ರೆಗಳನ್ನು ಒಂದು ವಾರ ನಿಲ್ಲಿಸಿ ಬರುವಂತೆ ಹೇಳಿ, ತೀವ್ರ ಅಲರ್ಜಿಯಾದರೆ ಕೊಡಬೇಕಾದ ಅಡ್ರಿನಲಿನ್ ಚುಚ್ಚುಮದ್ದನ್ನು ಕೈಗೆಟುಕುವಂತೆ ಇಟ್ಟುಕೊಂಡು, ಅವರ ಮುಂಗೈಯ ಒಳಭಾಗದಲ್ಲಿ ಹಸಿ ಸೀಗಡಿ, ಬೇಯಿಸಿದ ಸೀಗಡಿ ಮತ್ತು ಅದು ಬೆಂದ ನೀರು ಈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದೆ. ಹದಿನೈದು ನಿಮಿಷದ ನಂತರ ಹೋಲಿಕೆಗೆಂದು ಹಾಕಿದ ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರ್ ದೊಡ್ಡ ಉಬ್ಬು ಎದ್ದರೆ ಅದನ್ನು ಪಾಸಿಟಿವ್ ಎನ್ನುತ್ತೇವೆ. ಮೂರೂ ಕಡೆ ಉಬ್ಬು ಎದ್ದಿತ್ತು. ಎಲ್ಲಕ್ಕಿಂತ ದೊಡ್ಡದು ಬೆಂದ ನೀರಿನದು.

ಇದಕ್ಕೆ ಕಾರಣ ಟ್ರೋಪೋಮಯೋಸಿನ್ ಎಂಬ ಸ್ನಾಯು ಪ್ರೋಟೀನಿನ ರಚನೆಯಲ್ಲಿದೆ. ಮೊಟ್ಟೆಯ ಬಿಳಿಯಲ್ಲಿರುವಂತಹ ಉಂಡೆಯಾಕಾರದ ಪ್ರೋಟೀನುಗಳು ಕಾಯಿಸಿದಾಗ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಟ್ರೋಪೋಮಯೋಸಿನ್ ಹಾಗಲ್ಲ. ಸುಮಾರು 284 ಅಮೈನೋ ಆಮ್ಲಗಳ ಎರಡು ಉದ್ದನೆಯ ಸುರುಳಿಗಳು ತೆಂಗಿನ ನಾರಿನ ಹುರಿಹಗ್ಗದಂತೆ ಪರಸ್ಪರ ಹೆಣೆದುಕೊಂಡಿರುವ ಈ ಪ್ರೋಟೀನ್, ಕಾಯಿಸಿದಾಗ ಬಿಚ್ಚಿಕೊಂಡರೂ ತಣಿಯುತ್ತಿದ್ದಂತೆ ಮತ್ತೆ ಹೆಣೆದುಕೊಳ್ಳುತ್ತದೆ. ನೀರಿನಲ್ಲಿ ಕರಗುವುದರಿಂದ ಮಾಂಸದಿಂದ ರಸಕ್ಕೂ ಇಳಿಯುತ್ತದೆ. ಅಲರ್ಜಿ ಉಂಟುಮಾಡುವ ಐಜಿಇ ಪ್ರತಿಕಾಯಗಳು ಹಿಡಿದುಕೊಳ್ಳುವ ಹಲವು ಜಾಗಗಳು ಆ ಸರಪಳಿಯ ಉದ್ದಕ್ಕೂ ಸಾಲಾಗಿರುವ ಅಮೈನೋ ಆಮ್ಲಗಳ ತುಣುಕುಗಳೇ ಆಗಿರುವುದರಿಂದ, ಹೆಣಿಗೆ ಸಡಿಲವಾದರೂ ಅವು ಅಳಿಯುವುದಿಲ್ಲ. ಸೀಗಡಿಯ ಮುಖ್ಯ ಅಲರ್ಜಿಕಾರಕ ಇದೇ ಎಂಬುದನ್ನು 1993ರಲ್ಲಿ ಪ್ರಕಟಿಸಿದ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದ್ದರು ಎಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಏಡಿಯ ಟ್ರೋಪೋಮಯೋಸಿನ್ ಸೀಗಡಿಯದಕ್ಕೆ ಬಹುಪಾಲು ಹೋಲುವುದರಿಂದ ಅದನ್ನೂ ಬಿಡಲು ಹೇಳಿದೆ. ಬೊಂಡಾಸ್ (ಸ್ಕ್ವಿಡ್), ಮರುವಾಯಿ (ಚಿಪ್ಪುಜೀವಿ)ಗಳಲ್ಲಿ ಹೋಲಿಕೆ ಕಡಿಮೆ. ಅಲ್ಲಿ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿಯೇ ಹೇಳಬೇಕು. ಮನೆಧೂಳಿನ ನುಸಿ ಮತ್ತು ಜಿರಳೆಯಲ್ಲಿಯೂ ಇದೇ ಬಗೆಯ ಪ್ರೋಟೀನ್ ಇರುವುದರಿಂದ, ಸೀಗಡಿಯನ್ನು ಯಾವ ತೊಂದರೆಯೂ ಇಲ್ಲದೆ ತಿನ್ನುವವರಲ್ಲಿಯೂ ಪರೀಕ್ಷೆ ಕೆಲವೊಮ್ಮೆ ಪಾಸಿಟಿವ್ ಬರುತ್ತದೆ. ಕೇವಲ ಆ ಫಲಿತಾಂಶವನ್ನು ನೋಡಿ ಆಹಾರ ಬಿಡಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಆ ಮಹಿಳೆ ಭಯದಿಂದ ಮೀನನ್ನೂ ಬಿಟ್ಟಿದ್ದರು. ಮೀನಿನ ಮುಖ್ಯ ಅಲರ್ಜಿಕಾರಕ ಪಾರ್ವಾಲ್ಬುಮಿನ್ ಎಂಬ ಬೇರೆಯೇ ಪ್ರೋಟೀನ್ ಎಂದು ವಿವರಿಸಿ, ಚರ್ಮಪರೀಕ್ಷೆಯಲ್ಲಿ ತೊಂದರೆ ಕಾಣದ ಮೇಲೆ ನನ್ನ ಕಣ್ಣೆದುರಿನಲ್ಲಿಯೇ ಬಂಗುಡೆಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ತಿನ್ನಿಸಿದೆ. ಈಗ ಅವರ ಮನೆಯಲ್ಲಿ ಸೀಗಡಿಗೆ ಬೇರೆ ಪಾತ್ರೆ, ಬೇರೆ ಸೌಟು ಇವೆ. ಅದು ಕುದಿಯುವಾಗ ಆವಿಯೂ ತಾಗದಂತೆ ಅವರು ಅಡುಗೆಮನೆಯಿಂದ ಹೊರಗಿರುತ್ತಾರೆ.