ಮುಟ್ಟಿನ ನೋವು: ಮಾತ್ರೆಗೆ ಮುಂಚೆ ಮಾಡಬಹುದಾದದ್ದು

ಮುಟ್ಟಿನ ನೋವಿಗೆ ವ್ಯಾಯಾಮ ಫಲ ಕೊಡಬೇಕಾದರೆ ನೋವಿಲ್ಲದ ದಿನಗಳಲ್ಲೇ ಶುರುಮಾಡಬೇಕು. ಹೊಟ್ಟೆ ಹಿಡಿದುಕೊಂಡು ಮೊದಲ ದಿನವೇ ಆಸನಕ್ಕೆ ಕೂತು, ಉಪಯೋಗವಾಗಲಿಲ್ಲವೆಂದು ಕೈಬಿಡುವವರೇ ಹೆಚ್ಚು. ವಾರಕ್ಕೆ ಕನಿಷ್ಠ 3 ದಿನ, ಪ್ರತಿಸಲ 45ರಿಂದ 60 ನಿಮಿಷ. ಎರಡು ಮೂರು ತಿಂಗಳು ನಡೆಸಿ ನೋಡಿ. ಬಿರುಸಿನ ನಡಿಗೆಯೂ ಸಾಕು: ಮುಂಬಯಿಯ ನರಿಮನ್ ಪಾಯಿಂಟ್‌ನಿಂದ ಗಿರ್ಗಾಂವ್ ಚೌಪಾಟಿಗೆ ಹೋಗಿ ಬಂದರೆ ಒಂದು ದಿನದ್ದು ಮುಗಿಯಿತು. ಮಳೆಗಾಲದಲ್ಲಿ ಮನೆಯೊಳಗೇ ಸೂರ್ಯನಮಸ್ಕಾರ ಹಾಕಿ. ಲೋಕಲ್‌ನಲ್ಲಿ ಒಂದೂವರೆ ತಾಸು ನಿಂತದ್ದು ಆಯಾಸವೇ ಹೊರತು ವ್ಯಾಯಾಮವಲ್ಲ.

ಗರ್ಭಕೋಶದ ಒಳಪದರದಲ್ಲಿ ಉಂಟಾಗುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಅಲ್ಲಿನ ಸ್ನಾಯುವನ್ನು ಹಿಂಡಿಸುತ್ತದೆ. ಹಿಂಡಿದಾಗ ರಕ್ತದ ಹರಿವು ತಗ್ಗಿ ನೋವೇಳುತ್ತದೆ. ಆಗ ಉಸಿರು ಬಿಗಿಹಿಡಿದರೆ ಸೊಂಟ, ತೊಡೆಗಳೂ ಸೆಟೆದುಕೊಂಡು ನೋವು ಇನ್ನಷ್ಟು ಕಾಡುತ್ತದೆ.

ಆದ್ದರಿಂದ ಆ ದಿನ ಮೊದಲು ಉಸಿರು. ಒಂದೇ ಖೋಲಿಯ ಮನೆಯಲ್ಲೂ ಒಂದು ಚಾಪೆಯಷ್ಟು ಜಾಗ ಸಾಕು. ಮಂಡಿ ಮಡಚಿ ಮಲಗಿ, ಕಿಬ್ಬೊಟ್ಟೆಯ ಮೇಲೆ ಅಂಗೈ ಇಡಿ. 4 ಎಣಿಸುತ್ತ ಉಸಿರೆಳೆದುಕೊಳ್ಳಿ, 6 ಎಣಿಸುತ್ತ ಬಿಡಿ. ಏಳಬೇಕಾದ್ದು ಹೊಟ್ಟೆ, ಎದೆಯಲ್ಲ. ಐದು ನಿಮಿಷದ ನಂತರ ಅಂಗೈ ಮಂಡಿ ಊರಿ, ಬೆನ್ನನ್ನು ಬೆಕ್ಕಿನಂತೆ ಬಾಗಿಸಿ ಇಳಿಸಿ, 8–10 ಸಲ. ಬಳಿಕ ಬಾಲಾಸನ (ಹಿಮ್ಮಡಿಯ ಮೇಲೆ ಕೂತು ಮುಂದಕ್ಕೆ ಬಾಗುವುದು), ಒಂದೆರಡು ನಿಮಿಷ. ಹಣೆ ನೆಲಕ್ಕೆ ಮುಟ್ಟದಿದ್ದರೆ ದಿಂಬಿಡಿ, ಬಲವಂತವಾಗಿ ಬಾಗಬೇಡಿ. ಕೊನೆಗೆ ಶವಾಸನದಲ್ಲಿ ಪಾದದಿಂದ ದವಡೆಯವರೆಗೆ ಒಂದೊಂದೇ ಭಾಗವನ್ನು 5 ಸೆಕೆಂಡು ಬಿಗಿಹಿಡಿದು, 15 ಸೆಕೆಂಡು ಸಡಿಲ ಬಿಡಿ. ಹೊಟ್ಟೆಯನ್ನು ಮಾತ್ರ ಬಿಗಿಮಾಡಬೇಡಿ.

ಜತೆಗೆ ಬಿಸಿನೀರಿನ ಚೀಲ. ಕುದಿಯುವ ನೀರು ಬೇಡ. ಮುಕ್ಕಾಲಿಗಿಂತ ಕಡಿಮೆ ತುಂಬಿ, ಗಾಳಿ ಹೊರಹಾಕಿ ಬಿರಡೆ ಬಿಗಿಯಿರಿ. ಟವೆಲ್ ಸುತ್ತಿ 15–20 ನಿಮಿಷ ಇಟ್ಟುಕೊಳ್ಳಿ. ನಿದ್ದೆ ಬರುವಂತಿದ್ದರೆ ಮೊದಲು ಚೀಲ ತೆಗೆಯಿರಿ, ಚರ್ಮ ಸುಡುವುದು ಆಗಲೇ.

ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದರೆ, ಜ್ವರ ಬಂದರೆ, ತಲೆಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಮುಟ್ಟು ನಿಂತ ಮೇಲೂ ಉಳಿದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಎಂಡೋಮೆಟ್ರಿಯೋಸಿಸ್‌ನಂಥ ಕಾಯಿಲೆ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದು) ಇದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕು. ಹೋಗುವಾಗ ಮೂರು ತಿಂಗಳ ಟಿಪ್ಪಣಿ ಒಯ್ಯಿರಿ: ಯಾವ ದಿನ, ಎಷ್ಟು ಗಂಟೆ ನೋವು, ಎಷ್ಟು ಪ್ಯಾಡ್.